ಕೆಲ್ಟಿಕ್ ತರದ ಭಾಷೆ ಕಟ್ಟುವವರಿಗೆ: ಇನ್ಫಿನಿಟಿವ್ ಬಿಟ್ಟು ಭಾವನಾಮದಿಂದ ವ್ಯಾಕರಣ ಮಾಡುದು ಹೇಗೆ (ಸಮಗ್ರ ಮಾರ್ಗದರ್ಶಿ)

ವೆಲ್ಶ್, ಐರಿಷ್ (ಬ್ರಿಟನ್, ಐರ್ಲೆಂಡ್ ಕಡೆಯ ಕೆಲ್ಟಿಕ್ ಭಾಷೆಗಳು) ಕೇಳಿ ಮನಸೋತು ಅದೇ ತರದ ಒಂದು ಹೊಸ ಭಾಷೆ ಕಟ್ಟುವ ಅಂತ ಹೊರಟವರು ಹೆಚ್ಚಾಗಿ ಎಂತ ಮಾಡ್ತಾರೆ ಅಂದ್ರೆ, ಕಿವಿಗೆ ಚಂದ ಕೇಳುವ ಶಬ್ದ ಮಾಡ್ತಾರೆ, ಕ್ರಿಯಾಪದವನ್ನು ವಾಕ್ಯದ ಮೊದಲಿಗೆ ತರ್ತಾರೆ, ಮತ್ತೆ ಒಂದು ಟೇಬಲ್ ಹಾಕಿ ‘ಇನ್ಫಿನಿಟಿವ್’ (ಇಂಗ್ಲಿಷಿನ ‘ಟು ಗೋ’, ‘ಟು ಸಿಂಗ್’ ತರದ ರೂಪ) ಅಂತ ಕಾಲಂ ಬರೆದು ಎಲ್ಲ ಧಾತುವಿಗೂ ಒಂದೇ ಪ್ರತ್ಯಯ ಅಂಟಿಸಿ ಮುಂದೆ ಹೋಗ್ತಾರೆ. ಅಲ್ಲೇ ತಪ್ಪುದು. ಐರಿಷ್, ಸ್ಕಾಟಿಷ್ ಗೇಲಿಕ್, ಮ್ಯಾಂಕ್ಸ್, ವೆಲ್ಶ್ ಇವುಗಳಲ್ಲಿ ಇಂಗ್ಲಿಷಿನ ಹಾಗೆ ಪ್ರತ್ಯೇಕ ಇನ್ಫಿನಿಟಿವ್ ಅಂತ ಇಲ್ಲವೇ ಇಲ್ಲ, ಇರುದು ಭಾವನಾಮ (ಆಟ, ಓಟ, ಹೋಗುವಿಕೆ ತರ ಕ್ರಿಯೆಯ ಹೆಸರು) ಒಂದೇ, ಅದು ಅಪ್ಪಟ ನಾಮಪದ, ಅದಕ್ಕೆ ಲಿಂಗ ಉಂಟು, ಐರಿಷ್, ಸ್ಕಾಟಿಷ್ ಗೇಲಿಕಲ್ಲಿ ವಿಭಕ್ತಿಯೂ ಉಂಟು, ಎದುರಿಗೆ ಆರ್ಟಿಕಲ್ (ಇಂಗ್ಲಿಷಿನ ‘ದ’ ತರದ್ದು) ಬರ್ತದೆ, ಹಿಂದೆ ವಿಶೇಷಣ ಬರ್ತದೆ. ‘ಮಾಡ್ತಾ ಇದ್ದಾಳೆ’, ‘ಮಾಡಿ ಆಯ್ತು’, ‘ಮಾಡ್ಲಿಕ್ಕುಂಟು’, ‘ಮಾಡುವ ಮೊದಲು’ ಈ ಎಲ್ಲದಕ್ಕೂ ಆ ಒಂದು ನಾಮಪದವನ್ನೇ ಇಟ್ಟು ಅದರ ಎದುರಿಗೆ ಬೇರೆ ಬೇರೆ ಸಣ್ಣ ಶಬ್ದ ಹಾಕ್ತಾರೆ ಅಷ್ಟೇ.

ಇದು ನಮ್ಮ ಮಂಗಳೂರು-ಉಡುಪಿಯವರಿಗೆ ಇಂಗ್ಲಿಷಿನವರಿಗಿಂತ ಬೇಗ ಹಿಡಿತದೆ ಅಂತ ನನ್ನ ಗಟ್ಟಿ ನಂಬಿಕೆ. ‘ನನಗೆ ಬ್ಯಾಂಕಿಗೆ ಹೋಗ್ಲಿಕ್ಕುಂಟು’ ಅಂತ ನಾವು ದಿನಾ ಹೇಳ್ತೇವೆ ಅಲ್ವಾ, ಅದನ್ನು ಬಿಡಿಸಿ ನೋಡಿ ಮಾರಾಯ್ರೆ: ‘ಹೋಗ್ಲಿಕ್ಕೆ’ಯ ಕೊನೆಯಲ್ಲಿ ಇರುವ ‘ಕ್ಕೆ’ ಮರಕ್ಕೆ, ಊಟಕ್ಕೆ ಅನ್ನುವಾಗ ಬರುವ ಅದೇ ಚತುರ್ಥಿ ವಿಭಕ್ತಿ, ‘ಉಂಟು’ ಅನ್ನುದು ‘ಇರು’ ಅರ್ಥದ ಕ್ರಿಯಾಪದ, ‘ನನಗೆ’ ಅಂತ ಕರ್ತೃವೂ ಚತುರ್ಥಿಯಲ್ಲೇ. ಐರಿಷಲ್ಲಿ ‘ನಾನು ಹೋಗ್ಬೇಕು’ ಅನ್ನಲಿಕ್ಕೆ ‘ತಾ ಒರಮ್ ದುಲ್’ ಅಂತಾರೆ, ‘ಉಂಟು ನನ್ನ ಮೇಲೆ ಹೋಗುವಿಕೆ’. ಎಲುಬು ಒಂದೇ. ತುಳು ಗೊತ್ತಿದ್ದವರಿಗೆ ಇನ್ನೂ ಸುಲಭ.

ಕೆಳಗೆ ಹಂತ ಹಂತವಾಗಿ ಹೇಳ್ತಾ ಹೋಗ್ತೇನೆ. ಉದಾಹರಣೆಗೆ ಒಂದು ಸಣ್ಣ ಭಾಷೆ ಮಾಡಿಟ್ಟಿದ್ದೇನೆ, ಹೆಸರು ತಾಲ್ವೆಗ್. ಇದರ ಕೆಲವು ಧಾತು ಹಳೆ ಕೆಲ್ಟಿಕ್ ಬೇರುಗಳ ನೆನಪಲ್ಲಿ ಮಾಡಿದ್ದು, ಕೆಲವು ಸುಮ್ಮನೆ ಕಿವಿಗೆ ಹಿಡಿಸಿದ್ದು. ನೀವು ನಿಮ್ಮ ಶಬ್ದ ಹಾಕ್ಕೊಳ್ಳಿ, ಇಲ್ಲಿ ಮುಖ್ಯ ಹೊಂದಿಸುವ ಕ್ರಮ.

ಎಲ್ಲಕ್ಕಿಂತ ಮೊದಲು: ಮೊದಲಕ್ಷರ ಬದಲಾಗುವ ನಿಯಮ

ಭಾವನಾಮಕ್ಕೆ ಹೋಗುವ ಮೊದಲು ಇದು ಕೈಯಲ್ಲಿರ್ಬೇಕು, ಇಲ್ಲದಿದ್ರೆ ಮುಂದಿನ ಒಂದು ವಾಕ್ಯವೂ ಸರಿ ಆಗುದಿಲ್ಲ. ಕೆಲ್ಟಿಕ್ ಭಾಷೆಗಳಲ್ಲಿ ಹಿಂದಿನ ಶಬ್ದ ಯಾವುದು ಅಂತ ನೋಡಿ ಮುಂದಿನ ಶಬ್ದದ ಮೊದಲ ವ್ಯಂಜನ ಬದಲಾಗ್ತದೆ. ಹೊಸಬರು ಇದಕ್ಕೇ ಹೆದರುದು. ಆದ್ರೆ ನಾವು ಶಾಲೆಯಲ್ಲಿ ಆದೇಶ ಸಂಧಿ ಬಾಯಿಪಾಠ ಮಾಡಿದವರು, ಮಳೆ + ಕಾಲ ಮಳೆಗಾಲ, ಬೆಟ್ಟ + ತಾವರೆ ಬೆಟ್ಟದಾವರೆ, ಕಣ್ + ಪನಿ ಕಂಬನಿ, ಮೆಲ್ + ಮಾತು ಮೆಲ್ವಾತು. ಕ ತ ಪ ಹೋಗಿ ಗ ದ ಬ ಬರುದು, ಪ ಬ ಮ ಹೋಗಿ ವ ಬರುದು. ವೆಲ್ಶಿನ ಮೆದು ಬದಲಾವಣೆಯ ಮೊದಲ ಭಾಗ ಇದುವೇ, ಅಲ್ಲಿಯೂ ಪ ತ ಕ ಗಳು ಬ ದ ಗ ಆಗ್ತವೆ, ಬ ಮತ್ತು ಮ ಎರಡೂ ವ ಆಗ್ತವೆ.

ವ್ಯತ್ಯಾಸ ಎಲ್ಲಿ ಅಂದ್ರೆ ನಮ್ಮದು ಸಮಾಸದ ಒಳಗೆ ಆಗುದು, ಅವರದ್ದು ವಾಕ್ಯದಲ್ಲಿ ಬಿಡಿ ಬಿಡಿ ಶಬ್ದಗಳ ಮಧ್ಯ ಆಗುದು. ಕಾರಣವೂ ಚಂದ ಉಂಟು. ಎರಡು ಸ್ವರದ ನಡುವೆ ಸಿಕ್ಕಿದ ವ್ಯಂಜನ ಮೆದುವಾಗುದು ಸಹಜ, ಹಳೆ ಕೆಲ್ಟಿಕಲ್ಲಿ ಹಿಂದಿನ ಶಬ್ದ ಸ್ವರದಲ್ಲಿ ಮುಗಿದ್ರೆ ಮುಂದಿನ ಶಬ್ದದ ಮೊದಲಕ್ಷರವೂ ಹಾಗೆ ಮೆದುವಾಯ್ತು, ಕಾಲ ಹೋದ ಹಾಗೆ ಆ ಕೊನೆಯ ಸ್ವರಗಳೆಲ್ಲ ಉದುರಿ ಹೋದವು, ಮೆದುವಾದದ್ದು ಮಾತ್ರ ಉಳೀತು, ಈಗ ಅದುವೇ ವ್ಯಾಕರಣ. ಹಾಗಾಗಿ ನಿಮ್ಮ ಭಾಷೆಯಲ್ಲೂ ಯಾವ ಶಬ್ದ ಬದಲಾವಣೆ ತರ್ತದೆ ಯಾವುದು ತರುದಿಲ್ಲ ಅಂತ ಮನಸ್ಸಿಗೆ ಬಂದ ಹಾಗೆ ಹಂಚ್ಬೇಡಿ, ಪ್ರತಿ ಸಣ್ಣ ಶಬ್ದಕ್ಕೂ ಒಂದು ಹಳೆ ರೂಪ ಊಹಿಸಿ, ಸ್ವರಾಂತ್ಯ ಆದ್ರೆ ಮೆದು, ಅನುನಾಸಿಕದಲ್ಲಿ ಮುಗಿದ್ರೆ ಮೂಗಿನದ್ದು, ಬೇರೆ ವ್ಯಂಜನ ಆದ್ರೆ ಏನೂ ಇಲ್ಲ ಅಂತ ಇಟ್ಕೊಳ್ಳಿ. ಆಗ ಗೊಂದಲದ ಹಾಗೆ ಕಾಣುದಕ್ಕೂ ಒಳಗೊಂದು ಲೆಕ್ಕ ಇರ್ತದೆ.

ತಾಲ್ವೆಗ್‌ನಲ್ಲಿ ಮೆದು ಬದಲಾವಣೆ: ಪ→ಬ, ತ→ದ, ಕ→ಗ, ಬ→ವ, ಮ→ವ, ದ→ಜ಼ (ಜ಼ೀರೋ ಅನ್ನುವಾಗಿನ ಶಬ್ದ), ಗ ಪೂರ್ತಿ ಮಾಯ. ಗ ಮಾಯ ಆಗುದು ವೆಲ್ಶಿನದ್ದೇ ಕ್ರಮ. ಮೂಗಿನ ಬದಲಾವಣೆ: ಬ→ಮ, ದ→ನ, ಗ→ಙ, ಉಳಿದದ್ದು ಹಾಗೆಯೇ. ಇಷ್ಟು ಸಾಕು.

ಧಾತುವಿನಿಂದ ಭಾವನಾಮ

ಎಲ್ಲದಕ್ಕೂ ಒಂದೇ ಪ್ರತ್ಯಯ ಹಾಕ್ಬೇಡಿ ಅಂದೆ ಅಲ್ವಾ, ಯಾಕೆ ಅಂತ ನಮ್ಮ ಭಾಷೆಯನ್ನೇ ನೋಡಿ. ಆಡು-ಆಟ, ಓಡು-ಓಟ, ಕುಣಿ-ಕುಣಿತ, ನಡೆ-ನಡಿಗೆ, ನಂಬು-ನಂಬಿಕೆ, ಬರೆ-ಬರಹ, ಸಾಯಿ-ಸಾವು, ಮತ್ತೆ ಓದು ಅನ್ನುದಕ್ಕೆ ಓದು ಅಂತಲೇ. ಯಾವ ಧಾತುವಿಗೆ ಯಾವುದು ಅಂತ ಮೊದಲೇ ಹೇಳ್ಲಿಕ್ಕೆ ಆಗುದಿಲ್ಲ, ಕೇಳಿ ಕಲೀಬೇಕು. ಐರಿಷೂ ಹೀಗೇ, ‘ಮೊಲ್’ (ಹೊಗಳು) ಧಾತುವಿಗೆ ಒಂದು ತರ, ‘ಓಲ್’ (ಕುಡಿ) ಧಾತುವಿಗೆ ಏನೂ ಸೇರದೆ ಓಲ್ ಅಂತಲೇ, ‘ಹೋಗು’, ‘ಬಾ’ ಇಂಥದ್ದಕ್ಕೆ ಧಾತುವಿನ ಮುಖವೇ ಕಾಣದಷ್ಟು ಬೇರೆ ರೂಪ.

ತಾಲ್ವೆಗ್‌ನಲ್ಲಿ ನಾನು ಮೂರು ದಾರಿ ಇಟ್ಟಿದ್ದೇನೆ. ದೊಡ್ಡ ದಾರಿ -ಆವ್, ಪುಲ್ಲಿಂಗ: ಕಾನ್- (ಹಾಡು) ಕಾನಾವ್, ತೊರ್- (ಕತ್ತರಿಸು) ತೊರಾವ್, ಮೆಲ್- (ಕಡೆ, ಅರೆ) ಮೆಲಾವ್. ಎರಡನೆಯದು -ಎದ್, ಸ್ತ್ರೀಲಿಂಗ: ದೆರ್ಕ್- (ಕಾಣು) ದೆರ್ಕೆದ್, ಗವ್- (ಹಿಡಿ) ಗವೆದ್. ಮೂರನೆಯದು ನನಗೆ ಭಾರೀ ಇಷ್ಟ, -ಓತ, ಇದು ಧಾತುವಿಗೆ ಅಲ್ಲ ನಾಮಪದಕ್ಕೆ ಸೇರುದು. ವೆಲ್ಶಲ್ಲಿ ಮೀನಿನ ಶಬ್ದಕ್ಕೆ ಒಂದು ಪ್ರತ್ಯಯ ಸೇರಿಸಿ ‘ಪಸ್ಗೋತ’ ಅಂದ್ರೆ ಮೀನು ಹಿಡಿಯುದು ಅಂತ ಆಗ್ತದೆ, ಹಿಡಿದು, ಹೆಕ್ಕಿ ತರುವ ಕೆಲಸಗಳಿಗೇ ಅಂತ ಇರುವ ಪ್ರತ್ಯಯ ಅದು. ನಾವು ಕಡಲ ಬದಿಯವರು, ಅಂಥದ್ದನ್ನು ಬಿಡ್ಲಿಕ್ಕುಂಟಾ? ಹಾಗಾಗಿ ಪಿಸ್ಕ್ (ಮೀನು) ಇಂದ ಪಿಸ್ಕೋತ, ಮೀನುಗಾರಿಕೆ. ಮರುವಾಯಿ (ಚಿಪ್ಪುಮೀನು) ಹೆಕ್ಕುದಕ್ಕೆ, ಕಾಡಲ್ಲಿ ಅಣಬೆ ಹೆಕ್ಕುದಕ್ಕೆ ಎಲ್ಲ ನೀವೇ ಮಾಡ್ಕೊಳ್ಬಹುದು.

ಮತ್ತೆ ನಾಲ್ಕೈದು ವಕ್ರ ಧಾತು (ಈ ಯಾವ ದಾರಿಗೂ ಸೇರದ್ದು) ಬೇಕೇ ಬೇಕು, ದಿನಾ ಬಳಕೆಯವು ಮಾತ್ರ. ಬೆರ್- (ಹೊರು) ಬ್ರೆತ್, ‘ಹೋಗು’ ಅನ್ನುದಕ್ಕೆ ಆಜ್ಞೆ ‘ಏ’, ಭಾವನಾಮ ‘ಮೊಂತ್’. ಅಪರೂಪದ ಧಾತುವಿಗೆ ವಕ್ರ ರೂಪ ಕೊಡ್ಬೇಡಿ, ಜನ ಆಡಿ ಆಡಿಯೇ ವಕ್ರ ರೂಪ ಉಳಿಯುದು, ಆಡದಿದ್ರೆ ಅದು ದೊಡ್ಡ ದಾರಿಗೆ ಸೇರಿ ಹೋಗ್ತದೆ. ಹೊರಗಿನಿಂದ ಬಂದ ಶಬ್ದಕ್ಕೂ ಒಂದು ಬಾಗಿಲು ಬೇಕು, ವೆಲ್ಶ್‌ನವರು ಪಾರ್ಕ್ ಮಾಡುದಕ್ಕೆ ‘ಪಾರ್ಕ್ಯೊ’, ಫೋನ್ ಮಾಡುದಕ್ಕೆ ‘ಫೋನ್ಯೊ’ ಅಂತಾರೆ, ನಾವು ಹಿಂದೆ ‘ಮಾಡು’ ಸೇರಿಸಿ ಸುಧಾರಿಸ್ತೇವೆ. ತಾಲ್ವೆಗ್‌ನಲ್ಲಿ -ಯಾವ್ ಹಾಕಿದ್ರೆ ಆಯ್ತು.

ಲಿಂಗ ಮತ್ತು ಷಷ್ಠಿ: ಇಲ್ಲಿ ಸಾವಕಾಶ ಮಾಡಿ

ಭಾವನಾಮ ನಿಜವಾದ ನಾಮಪದ ಹೌದಾ ಅಲ್ವಾ ಅಂತ ಪರೀಕ್ಷೆ ಆಗುದು ಇಲ್ಲಿ. ತಾಲ್ವೆಗ್‌ನ ಆರ್ಟಿಕಲ್ ‘ಅನ್’. ಸ್ತ್ರೀಲಿಂಗದ ಶಬ್ದ ಅದರ ನಂತರ ಬಂದ್ರೆ ಮೆದುವಾಗ್ತದೆ, ಪುಲ್ಲಿಂಗ ಆಗುದಿಲ್ಲ: ‘ಅನ್ ಕಾನಾವ್’ (ಆ ಹಾಡುವಿಕೆ), ಆದ್ರೆ ‘ಅನ್ ಜ಼ೆರ್ಕೆದ್’ (ಆ ಕಾಣುವಿಕೆ), ‘ಅನ್ ಅವೆದ್’ (ಆ ಹಿಡಿತ, ಗ ಮಾಯ). ವಿಶೇಷಣಕ್ಕೂ ಅದೇ, ‘ಮಾದ್’ ಅಂದ್ರೆ ಒಳ್ಳೆಯ: ‘ಕಾನಾವ್ ಮಾದ್’, ‘ದೆರ್ಕೆದ್ ವಾದ್’.

ಈಗ ಷಷ್ಠಿ. ಮೆಲಾವ್ ಇದರ ಷಷ್ಠಿ ‘ಮೆಲಾವಾ’ ಅಂತ ನೇರ ಮಾಡ್ಬಹುದಿತ್ತು, ಆದ್ರೆ ನಾನು ‘ಮೆಲ್ತಾ’ ಅಂತ ಮಾಡಿದ್ದೇನೆ, ಸುಮ್ಮನೆ ಮಾಡಿದ್ದಲ್ಲ. ಸಂಸ್ಕೃತದ ಗಂತುಂ, ಕರ್ತುಂ ಗೊತ್ತುಂಟಲ್ಲ, ಹೋಗಲಿಕ್ಕೆ, ಮಾಡಲಿಕ್ಕೆ. ಅದರಲ್ಲಿರುವ ‘ತು’ ಒಂದು ಭಾವನಾಮ ಪ್ರತ್ಯಯ, ಗಂತುಂ ಅನ್ನುದು ಅದರ ದ್ವಿತೀಯಾ ವಿಭಕ್ತಿ. ವೇದದ ಭಾಷೆಯಲ್ಲಿ ಗಂತವೇ, ಗಂತೋಃ ಅಂತ ಬೇರೆ ವಿಭಕ್ತಿಗಳೂ ಬಳಕೆಯಲ್ಲಿದ್ದವು, ಅಂದ್ರೆ ಆಗ ಅದು ಇನ್ನೂ ನಾಮಪದದ ಹಾಗೆ ನಡೀತಿತ್ತು, ಆಮೇಲಿನ ಸಂಸ್ಕೃತದಲ್ಲಿ ತುಂ ಒಂದೇ ಉಳಿದು ಗಟ್ಟಿಯಾಗಿ ಇನ್ಫಿನಿಟಿವ್ ಆಯ್ತು. ಅದೇ ‘ತು’ ಐರಿಷಿಗೂ ಬಂದದ್ದು, ಆದ್ರೆ ಅಲ್ಲಿ ಗಟ್ಟಿ ಆಗ್ಲಿಲ್ಲ, ನಾಮಪದವಾಗಿಯೇ ಉಳೀತು. ಹೊಗಳಿಕೆ ಅನ್ನುವ ಹಳೆ ಐರಿಷ್ ಶಬ್ದ ಪ್ರಥಮಾ ವಿಭಕ್ತಿಯಲ್ಲಿ ‘ಮೊಲದ್’, ಕೊನೆಯ ದ ಮೆದು, ಯಾಕಂದ್ರೆ ಹಳೆ ತ ಸ್ವರಗಳ ನಡುವೆ ಇದ್ದು ಸವೆದು ಹೋಯ್ತು. ಷಷ್ಠಿಯಲ್ಲಿ ನಡುವಿನ ಸ್ವರವೇ ಬಿದ್ದು ಹೋಗಿ ತ ನೇರ ಲ ಪಕ್ಕ ಬಂದು ಕೂತಿತು, ಅಲ್ಲಿ ಅದು ಗಟ್ಟಿ ಉಳೀತು: ‘ಮೊಲ್ತ’. ಇಂದಿನ ಐರಿಷಲ್ಲೂ ಈ ಜೋಡಿ ಉಂಟು. ಒಂದೇ ಶಬ್ದದ ಎರಡು ರೂಪ ಇಷ್ಟು ಬೇರೆ ಕಾಣುದು ಎಲ್ಲಿಂದ ಅಂತ ಗೊತ್ತಾದಾಗ ಸಿಗುವ ಸಂತೋಷ ನನಗೆ ಬೇರೆಲ್ಲೂ ಸಿಗುದಿಲ್ಲ.

ಹಾಗಾಗಿ ತಾಲ್ವೆಗ್‌ನ ಹಳೆ ರೂಪ ‘ಮೆಲಾತು’ ಅಂತ ಊಹಿಸಿ, ತ ಸವೆದು ವ ಆಗಿ ಮೆಲಾವ್, ಷಷ್ಠಿಯಲ್ಲಿ ನಡುವಿನ ಆ ಬಿದ್ದು ಮೆಲ್ತಾ. ಕಾನಾವ್-ಕಾನ್ತಾ, ತೊರಾವ್-ತೊರ್ತಾ ಎಲ್ಲ ಹೀಗೆಯೇ. -ಎದ್ ಇದ್ದದ್ದು -ಎದಿ ಆಗ್ತದೆ, -ಓತ ಬದಲಾಗುದಿಲ್ಲ.

ಷಷ್ಠಿಯಿಂದ ಎಂತ ಪ್ರಯೋಜನ? ವಸ್ತುಗಳಿಗೆ ಹೆಸರಿಡುದು. ಐರಿಷಲ್ಲಿ ಕುಡಿಯುವ ನೀರಿಗೆ ‘ಕುಡಿಯುವಿಕೆಯ ನೀರು’ ಅಂತಲೇ ಹೇಳುದು, ಬಟ್ಟೆ ಒಗೆಯುವ ಮಿಷನಿಗೆ ‘ಒಗೆತದ ಮಿಷನ್’. ತಾಲ್ವೆಗ್‌ನಲ್ಲಿ ಕಲ್ಲು ‘ಕ್ಲೋಚ್’, ಪುಲ್ಲಿಂಗ, ಹಾಗಾದ್ರೆ ‘ಕ್ಲೋಚ್ ಮೆಲ್ತಾ’ ಅಂದ್ರೆ ನಮ್ಮ ಕಡೆಯುವ ಕಲ್ಲು, ತುಳುವಿನ ಕಡೆಪಿ ಕಲ್ಲ್. ‘ತೂರ್ ದೆರ್ಕೆದಿ’ ಅಂದ್ರೆ ನೋಡುವ ಗೋಪುರ, ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭದ ಮೇಲೆ ಹತ್ತಿ ಕಡಲು ನೋಡಿದವರಿಗೆ ಈ ಶಬ್ದ ಮರೀಲಿಕ್ಕಿಲ್ಲ.

ಒಂದು ಎಚ್ಚರ. ಭಾವನಾಮದ ಅರ್ಥ ಜಾರ್ತದೆ, ಜಾರ್ಲಿ ಬಿಡಿ. ನಮ್ಮ ಊರಲ್ಲಿ ‘ಇವತ್ತು ರಾತ್ರಿ ಆಟ ಉಂಟು’ ಅಂದ್ರೆ ಯಕ್ಷಗಾನ, ಮಕ್ಕಳ ಆಟ ಅಲ್ಲ. ‘ಕುಡಿತ’ ಅಂದ್ರೆ ನೀರು ಕುಡಿಯುದು ಅಂತ ಯಾರೂ ತಿಳ್ಕೊಳ್ಳುದಿಲ್ಲ, ಐರಿಷಿನ ‘ಓಲ್’ ಕೂಡ ಆರ್ಟಿಕಲ್ ಸೇರಿದ್ರೆ ಹೆಂಡದ ಕಡೆಗೇ ತಿರುಗ್ತದೆ. ಹತ್ತು ಭಾವನಾಮ ಮಾಡಿದ್ರೆ ಎರಡು ಮೂರಕ್ಕಾದರೂ ಹೀಗೆ ಊರಿನ ಅರ್ಥ ಕೊಡಿ.

‘ಮಾಡ್ತಾ ಇದ್ದಾಳೆ’ ಹೇಳುದು ಹೇಗೆ

ಇರು ಧಾತು + ಕರ್ತೃ + ‘ಅಚ್’ (ಹತ್ತಿರ, ಅಲ್ಲಿ) + ಭಾವನಾಮ. ‘ಯೇ’ ಅಂದ್ರೆ ಉಂಟು, ‘ವೇ’ ಅಂದ್ರೆ ಇತ್ತು. ಮೀ ನಾನು, ತೀ ನೀನು, ಹೀ ಅವಳು.

ಯೇ ಹೀ ಅಚ್ ಕಾನಾವ್: ಅವಳು ಹಾಡ್ತಾ ಇದ್ದಾಳೆ.

ಐರಿಷಿನ ‘ತಾ ಶೀ ಅಗ್ ಓಲ್’ (ಅವಳು ಕುಡೀತಾ ಇದ್ದಾಳೆ), ವೆಲ್ಶಿನ ‘ಮಾಯ್ ಹೀನ್ ಕನಿ’ (ಅವಳು ಹಾಡ್ತಾ ಇದ್ದಾಳೆ) ಎರಡರ ಅಚ್ಚು ಇದುವೇ. ಇಲ್ಲಿ ಕನ್ನಡದ ದಾರಿ ಬೇರೆ, ನಮ್ಮ ‘ಹಾಡ್ತಾ’ ನಾಮಪದ ಅಲ್ಲ, ಹಾಗಾಗಿ ಕನ್ನಡದಲ್ಲಿ ಯೋಚಿಸಿ ಹಾಗೆಯೇ ಇಳಿಸ್ಲಿಕ್ಕೆ ಹೋಗ್ಬೇಡಿ, ‘ಹಾಡುವಿಕೆಯಲ್ಲಿ ಇದ್ದಾಳೆ’ ಅಂತ ಒಮ್ಮೆ ಮನಸ್ಸಲ್ಲಿ ತಿರುಗಿಸಿ ಬರೀರಿ. ‘ಅಚ್’ ಮುಂದಿನ ಶಬ್ದವನ್ನು ಮೆದು ಮಾಡುದಿಲ್ಲ, ವೆಲ್ಶಿನ ಆ ಸಣ್ಣ ‘ನ್’ ಕೂಡ ಭಾವನಾಮವನ್ನು ಮುಟ್ಟುದಿಲ್ಲ, ಆದ್ರೆ ಅದೇ ‘ನ್’ ನಂತರ ವಿಶೇಷಣ ಬಂದ್ರೆ ಮೆದು ಮಾಡ್ತದೆ.

ಕರ್ಮ ಬಂದ್ರೆ? ನಾಮಪದಕ್ಕೆ ಕರ್ಮ ಇರುದಿಲ್ಲ, ಷಷ್ಠಿ ಇರ್ತದೆ. ಪಿಸ್ಕ್ ಇದರ ಷಷ್ಠಿ ಪಿಸ್ಕಾ.

ಯೇ ಹೀ ಅಚ್ ತೊರಾವ್ ಪಿಸ್ಕಾ: ಅವಳು ಮೀನು ಕತ್ತರಿಸ್ತಾ ಇದ್ದಾಳೆ (ಮೀನಿನ ಕತ್ತರಿಸುವಿಕೆಯಲ್ಲಿ ಇದ್ದಾಳೆ).

ಹೀಗೆ ಮಾಡುವಾಗ ಒಂದು ತೊಡಕು ಬರ್ತದೆ. ‘ಪೊಲೀಸರ ಹೊಡೆತ’ ಅಂದ್ರೆ ಪೊಲೀಸರು ಹೊಡೆದದ್ದಾ, ಪೊಲೀಸರಿಗೆ ಬಿದ್ದದ್ದಾ? ಷಷ್ಠಿಯಲ್ಲಿ ಎರಡೂ ಆಗ್ತದೆ. ತಾಲ್ವೆಗ್‌ನಲ್ಲಿ ನಾನು ಮಾಡಿದ ಕಟ್ಟು: ಕರ್ಮ ಬೇಕಾದ ಧಾತು ಆದ್ರೆ ಷಷ್ಠಿ ಯಾವಾಗಲೂ ಕರ್ಮ, ಮಾಡಿದವರನ್ನು ಹೇಳ್ಬೇಕಾದ್ರೆ ಹಿಂದೆ ‘ಗಾಂತ್’ (ಇಂದ) ಹಾಕ್ಬೇಕು. ಕರ್ಮ ಬೇಡದ ಧಾತು ಆದ್ರೆ, ಹಕ್ಕಿಗಳ ಕೂಗು ಅಂದ ಹಾಗೆ, ಷಷ್ಠಿಯೇ ಕರ್ತೃ.

ಸರ್ವನಾಮ ಕರ್ಮ ಆದಾಗ ಇನ್ನೂ ಚಂದ. ‘ಅವಳು ನನ್ನನ್ನು ನೋಡ್ತಾ ಇದ್ದಾಳೆ’ ಅನ್ನಲಿಕ್ಕೆ ‘ಅವಳು ನನ್ನ ನೋಡುವಿಕೆಯಲ್ಲಿ ಇದ್ದಾಳೆ’ ಅನ್ಬೇಕು. ‘ಮು’ (ನನ್ನ) ಮೂಗಿನ ಬದಲಾವಣೆ ತರ್ತದೆ, ‘ತು’ (ನಿನ್ನ) ಮೆದು, ‘ಈ’ ಅಂದ್ರೆ ಅವನ ಮತ್ತು ಅವಳ ಎರಡೂ, ಅವನದ್ದಾದ್ರೆ ಮೆದು, ಅವಳದ್ದಾದ್ರೆ ಬದಲಾವಣೆ ಇಲ್ಲ.

ಯೇ ಹೀ ಅಚ್ ಮು ನೆರ್ಕೆದ್: ನನ್ನನ್ನು ನೋಡ್ತಾ ಇದ್ದಾಳೆ.
ಯೇ ಹೀ ಅಚ್ ಈ ಜ಼ೆರ್ಕೆದ್: ಅವನನ್ನು ನೋಡ್ತಾ ಇದ್ದಾಳೆ.
ಯೇ ಹೀ ಅಚ್ ಈ ದೆರ್ಕೆದ್: ಅವಳನ್ನು ನೋಡ್ತಾ ಇದ್ದಾಳೆ.

ಅವನಾ ಅವಳಾ ಅಂತ ತಿಳಿಯುದು ಒಂದು ಜ಼ ಮತ್ತು ದ ಇಂದ ಮಾತ್ರ. ಇದು ನನ್ನ ಅತಿರೇಕ ಅಲ್ಲ, ಐರಿಷಲ್ಲಿ ಅವನ ಬೆಕ್ಕು, ಅವಳ ಬೆಕ್ಕು, ಅವರ ಬೆಕ್ಕು ಮೂರಕ್ಕೂ ಎದುರಿಗೆ ಬರುದು ಒಂದೇ ‘ಅ’, ಬೆಕ್ಕಿನ ಮೊದಲಕ್ಷರ ನೋಡಿಯೇ ಯಾರದ್ದು ಅಂತ ಗೊತ್ತಾಗುದು.

‘ಮಾಡ್ಲಿಕ್ಕೆ’: ಇಂಗ್ಲಿಷಿನವರು ಇನ್ಫಿನಿಟಿವ್ ಅನ್ನುವ ಜಾಗ

ಇಲ್ಲಿ ಐರಿಷಿನ ಕ್ರಮವನ್ನೇ ತಗೊಂಡಿದ್ದೇನೆ, ಯಾ‍ಕಂದ್ರೆ ಅದು ನಮಗೆ ಹತ್ತಿರ. ಕರ್ಮ ಮೊದಲು, ಆಮೇಲೆ ಒಂದು ಸಣ್ಣ ‘ಅ’, ಅದು ಮೆದು ಮಾಡ್ತದೆ, ಆಮೇಲೆ ಭಾವನಾಮ. ಐರಿಷಲ್ಲಿ ನೀರು ಕುಡಿಯಲಿಕ್ಕೆ ಅನ್ನುದಕ್ಕೆ ‘ಇಶ್ಕೆ ಅ ಓಲ್’, ನೀರು-ಗೆ-ಕುಡಿಯುವಿಕೆ. ಕರ್ಮ ಕ್ರಿಯೆಗಿಂತ ಮೊದಲು ಬರುವ ಜಾಗ ಇದು, ನಮ್ಮ ‘ಮೀನು ಕತ್ತರಿಸ್ಲಿಕ್ಕೆ’ಯ ಹಾಗೆಯೇ.

ಇದರ ಜೊತೆಗೆ ವ್ಯಕ್ತಿ ಸೇರಿದ ಸಣ್ಣ ಶಬ್ದಗಳು ಬೇಕು: ಇಮ್ ನನಗೆ, ಇತ್ ನಿನಗೆ, ಇದೊ ಅವನಿಗೆ, ಇದಿ ಅವಳಿಗೆ. ಅರಮ್ ನನ್ನ ಮೇಲೆ, ಅರತ್ ನಿನ್ನ ಮೇಲೆ. ‘ನನಗೆ, ನಿನಗೆ’ ಅಂತ ವಿಭಕ್ತಿ ಸೇರಿಸಿ ಮಾತಾಡುವ ನಮಗೆ ಇದರಲ್ಲಿ ಎಂತ ಕಷ್ಟವೂ ಇಲ್ಲ. ಇವುಗಳ ನಂತರ ಬರುವ ಶಬ್ದ ಮೆದುವಾಗ್ತದೆ (ಮು, ತು, ಈ ಮಾತ್ರ ಬದಲಾಗುದಿಲ್ಲ).

ಯೇ ದೂಲ್ ಇಮ್ ಬಿಸ್ಕ್ ಅ ದೊರಾವ್: ನನಗೆ ಮೀನು ಕತ್ತರಿಸ್ಲಿಕ್ಕೆ ಆಸೆ ಉಂಟು.
ಯೇ ಅರಮ್ ಬಿಸ್ಕ್ ಅ ದೊರಾವ್: ನನಗೆ ಮೀನು ಕತ್ತರಿಸ್ಲಿಕ್ಕುಂಟು.

ದೂಲ್ ಅಂದ್ರೆ ಆಸೆ. ಅದರ ಜಾಗದಲ್ಲಿ ಹೆದರಿಕೆ, ನಾಚಿಕೆ, ಮನಸ್ಸು, ಪುರುಸೊತ್ತು ಯಾವ ನಾಮಪದ ಹಾಕಿದ್ರೂ ಒಂದು ಹೊಸ ವಾಕ್ಯ ಸಿಗ್ತದೆ. ಬೇಕು, ಸಾಧ್ಯ, ಗೊತ್ತು ಇವಕ್ಕೆಲ್ಲ ಬೇರೆ ಬೇರೆ ಕ್ರಿಯಾಪದ ಮಾಡಿ ರೂಪ ತಿರುಗಿಸ್ತಾ ಕೂತ್ಕೊಳ್ಬೇಡಿ.

ಬೇಡ ಅನ್ನುದಕ್ಕೆ ‘ಸೆಬ್’ (ಇಲ್ಲದೆ), ಇದು ಮೆದು ಮಾಡ್ತದೆ. ‘ಯೇ ದೂಲ್ ಇಮ್ ಸೆಬ್ ವೊಂತ್’: ಹೋಗದೇ ಇರ್ಲಿಕ್ಕೆ ಆಸೆ. ಐರಿಷಲ್ಲೂ ‘ಇಲ್ಲದೆ’ ಅನ್ನುವ ಶಬ್ದವೇ ಭಾವನಾಮಕ್ಕೆ ನಿಷೇಧ.

ಇನ್ನು ‘ನಾನು ಹೋಗುವ ಮೊದಲು’. ಇಲ್ಲಿ ಕರ್ತೃ ಬೇಕು, ಆದ್ರೆ ಕಾಲ ತೋರಿಸುವ ಕ್ರಿಯಾಪದ ಇಲ್ಲ. ವೆಲ್ಶಲ್ಲಿ ‘ಕಿನ್ ಇ ಮೀ ವಿಂದ್’, ಮೊದಲು-ನನಗೆ-ಹೋಗುವಿಕೆ, ಹೋಗುವಿಕೆಯ ಮ ಮೆದುವಾಗಿ ವ. ತಾಲ್ವೆಗ್: ‘ರಾಗ್ ಇಮ್ ವೊಂತ್’. ‘ಅವಳು ಹಾಡುವ ಮೊದಲು’ ಅಂದ್ರೆ ‘ರಾಗ್ ಇದಿ ಗಾನಾವ್’. ಉಪವಾಕ್ಯ ಅಂತ ಪ್ರತ್ಯೇಕ ಅಧ್ಯಾಯ ಬರೆಯುವ ಕೆಲಸ ಅರ್ಧ ಇಲ್ಲೇ ಮುಗೀತದೆ.

ಆಗಿದೆ, ಆಗ್ಲಿಲ್ಲ, ಆಗ್ಲಿಕ್ಕೆ ಹೊರಟಿದೆ

ಮಂಗಳೂರಲ್ಲಿ ಯಾರು ಸಿಕ್ಕಿದ್ರೂ ‘ಊಟ ಆಯ್ತಾ?’, ತುಳುವಲ್ಲಿ ‘ವಣಸ್ ಆಂಡಾ?’. ಉಣ್ ಧಾತುವಿನ ಭಾವನಾಮ ಊಟ, ಅದು ಮುಗಿದಿದೆಯಾ ಅಂತ ಕೇಳುವ ಪ್ರಶ್ನೆ ಅದು, ಉಂಡಿರಾ ಅಂತ ಕ್ರಿಯಾಪದ ತಿರುಗಿಸ್ಬೇಕಂತ ಇಲ್ಲ. ಕೆಲ್ಟಿಕಲ್ಲಿ ಮುಗಿದ ಕೆಲಸಕ್ಕೆ ‘ಆದ ಮೇಲೆ’ ಅನ್ನುವ ಶಬ್ದ ಬೇಕು. ವೆಲ್ಶಿನ ‘ವೆದಿ’ ಅಂದ್ರೆ ನಂತರ, ಅವಳು ಹಾಡುವಿಕೆಯ ನಂತರ ಇದ್ದಾಳೆ ಅಂದ್ರೆ ಹಾಡಿ ಆಯ್ತು. ಐರ್ಲೆಂಡಿನವರು ಇಂಗ್ಲಿಷ್ ಮಾತಾಡುವಾಗಲೂ ‘ಐ ಆಮ್ ಆಫ್ಟರ್ ಈಟಿಂಗ್’ ಅಂತಾರೆ, ಈಗಷ್ಟೇ ಊಟ ಆಯ್ತು ಅಂತ ಅರ್ಥ, ಅವರ ಭಾಷೆಯ ಅಚ್ಚು ಹಾಗೇ ಇಂಗ್ಲಿಷಿಗೆ ಬಂದದ್ದು.

ತಾಲ್ವೆಗ್‌ನಲ್ಲಿ ‘ಊಲ್’ (ಆದ ಮೇಲೆ, ಬದಲಾವಣೆ ಇಲ್ಲ), ‘ಸೆಬ್’ (ಇಲ್ಲದೆ, ಮೆದು), ‘ಅರ್’ (ಮೇಲೆ, ಅಂಚಿನಲ್ಲಿ, ಮೆದು).

ಯೇ ಹೀ ಊಲ್ ಕಾನಾವ್: ಹಾಡಿ ಆಯ್ತು.
ಯೇ ಹೀ ಸೆಬ್ ಗಾನಾವ್: ಇನ್ನೂ ಹಾಡ್ಲಿಲ್ಲ.
ಯೇ ಹೀ ಅರ್ ಗಾನಾವ್: ಇನ್ನೇನು ಹಾಡ್ತಾಳೆ.

ಯೇ ತೆಗೆದು ವೇ ಹಾಕಿದ್ರೆ ಎಲ್ಲವೂ ಭೂತಕಾಲ. ಕರ್ಮ ಇದ್ದು ಅದು ಸರ್ವನಾಮ ಅಲ್ಲದಿದ್ರೆ ಒಂದೇ ನಿಯಮ ನೆನಪಿಡಿ: ಷಷ್ಠಿ ‘ಅಚ್’ ಜೊತೆ ಮಾತ್ರ, ಬೇರೆ ಎಲ್ಲ ಕಡೆ ಕರ್ಮ ಮೊದಲು ಬಂದು ‘ಅ’ ಸೇರ್ತದೆ. ‘ಯೇ ಹೀ ಊಲ್ ಪಿಸ್ಕ್ ಅ ದೊರಾವ್’ ಮೀನು ಕತ್ತರಿಸಿ ಆಯ್ತು, ‘ಯೇ ಹೀ ಸೆಬ್ ಬಿಸ್ಕ್ ಅ ದೊರಾವ್’ ಇನ್ನೂ ಕತ್ತರಿಸ್ಲಿಲ್ಲ. ಸೆಬ್ ಮೆದು ಮಾಡುದು ತನ್ನ ಪಕ್ಕದ ಶಬ್ದವನ್ನು, ಅದು ಭಾವನಾಮವೇ ಆಗ್ಬೇಕಂತ ಇಲ್ಲ.

ಸಾದಾ ಭೂತಕಾಲಕ್ಕೆ ‘ಮಾಡು’ ಸಾಕು, ‘ವ್ನಾ ಮೀ ಗಾನಾವ್’ ನಾನು ಹಾಡಿದೆ. ವೆಲ್ಶ್ ಮಾತಾಡುವವರೂ ಇದನ್ನು ಧಾರಾಳ ಬಳಸ್ತಾರೆ.

ಕರ್ಮಣಿ ಪ್ರಯೋಗ

‘ಹೊಡೆಯಲ್ಪಟ್ಟನು’ ಅಂತ ಪೇಪರಲ್ಲಿ ಬಿಟ್ರೆ ಯಾರೂ ಮಾತಾಡುದಿಲ್ಲ, ಪೆಟ್ಟು ತಿಂದ, ಬೈಗುಳ ತಿಂದ, ಅಷ್ಟೇ. ವೆಲ್ಶಲ್ಲೂ ಮನೆ ಮಾರಾಟ ಆಯ್ತು ಅನ್ನಲಿಕ್ಕೆ ‘ಮನೆಗೆ ಅದರ ಮಾರುವಿಕೆ ಸಿಕ್ಕಿತು’ ಅಂತಾರೆ. ತಾಲ್ವೆಗ್‌ನಲ್ಲಿ ‘ಗೀ’ (ಸಿಕ್ಕಿತು): ‘ಗೀ ಅನ್ ಪಿಸ್ಕ್ ಈ ದೊರಾವ್’, ಮೀನು ಕತ್ತರಿಸಿ ಆಯ್ತು ಯಾರಿಂದಲೋ. ಪಿಸ್ಕ್ ಪುಲ್ಲಿಂಗ, ಹಾಗಾಗಿ ತ ಹೋಗಿ ದ. ಸ್ತ್ರೀಲಿಂಗದ ವಸ್ತು ಆದ್ರೆ ತೊರಾವ್ ಹಾಗೆಯೇ ಉಳೀತದೆ.

ನಿಘಂಟು ಬರೆಯುವಾಗ

ವೆಲ್ಶ್ ನಿಘಂಟಲ್ಲಿ ಕ್ರಿಯೆಯನ್ನು ಹುಡುಕುದು ಭಾವನಾಮದ ಕೆಳಗೆ, ಐರಿಷಲ್ಲಿ ಆಜ್ಞಾರೂಪದ ಕೆಳಗೆ. ಕನ್ನಡದಲ್ಲೂ ಓದು, ಬರೆ ಅಂತ ಆಜ್ಞಾರೂಪವೇ ತಲೆಶಬ್ದ, 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಲ್ಲಿ ಅಚ್ಚಾದ ಕಿಟೆಲ್ ಕೋಶದಲ್ಲೂ ಓಡು ಬೇರೆ, ಓಟ ಬೇರೆ. ನನ್ನ ಅಭಿಪ್ರಾಯದಲ್ಲಿ ಧಾತು ಮೊದಲು ಇಡಿ, ಆದ್ರೆ ಅದೇ ಸಾಲಲ್ಲಿ ಭಾವನಾಮ, ಲಿಂಗ, ಷಷ್ಠಿ ಮೂರೂ ಬರೀರಿ, ಒಂದು ಬಿಟ್ರೂ ಆಮೇಲೆ ವಾಕ್ಯ ಮಾಡುವಾಗ ಸಿಕ್ಕಿ ಬೀಳ್ತೀರಿ:

ಮೆಲ್-, ಮೆಲಾವ್ ಪುಂ., ಮೆಲ್ತಾ: ಕಡೆ, ಅರೆ.
ದೆರ್ಕ್-, ದೆರ್ಕೆದ್ ಸ್ತ್ರೀ., ದೆರ್ಕೆದಿ: ಕಾಣು, ನೋಡು.

ಜಾರಿದ ಅರ್ಥ ಇರುವ ಭಾವನಾಮಕ್ಕೆ ಪ್ರತ್ಯೇಕ ನಮೂದೂ ಬೇಕು, ಆಡು ಹುಡುಕಿದವನಿಗೆ ಯಕ್ಷಗಾನ ಸಿಗುದಿಲ್ಲ.

ಪರೀಕ್ಷೆ

ಇಷ್ಟಾದ ಮೇಲೆ ಬಿಡಿ ವಾಕ್ಯ ಸಾಕಾಗುದಿಲ್ಲ, ಒಂದು ತುಂಡು ಕಥೆ ಬರೀಬೇಕು. ಮಲ್ಪೆ ಬಂದರಿಂದ ಮೀನು ತಂದ ಬೆಳಿಗ್ಗೆಯ ಅಡುಗೆಮನೆ ಅಂತ ಇಟ್ಕೊಳ್ಳಿ. ಈದ್ ಅಂದ್ರೆ ಕಾಳು.

ವೇ ಹೀ ಅಚ್ ತೊರಾವ್ ಪಿಸ್ಕಾ ರಾಗ್ ಇಮ್ ವೊಂತ್. ಗೀ ಅನ್ ಪಿಸ್ಕ್ ಈ ದೊರಾವ್. ಯೇ ಅರಮ್ ಈದ್ ಅ ವೆಲಾವ್. ಯೇ ಮೀ ಸೆಬ್ ಗಾನಾವ್. ಯೇ ದೂಲ್ ಇಮ್ ತು ಜ಼ೆರ್ಕೆದ್.

ನಾನು ಹೋಗುವ ಮೊದಲು ಅವಳು ಮೀನು ಕತ್ತರಿಸ್ತಾ ಇದ್ದಳು. ಮೀನು ಕತ್ತರಿಸಿ ಆಯ್ತು. ನನಗೆ ಕಾಳು ಕಡೀಲಿಕ್ಕುಂಟು. ನಾನಿನ್ನೂ ಹಾಡ್ಲಿಲ್ಲ. ನಿನ್ನನ್ನು ನೋಡ್ಲಿಕ್ಕೆ ಆಸೆ ಉಂಟು.

ಈ ಐದು ವಾಕ್ಯದಲ್ಲಿ ರೂಪ ತಿರುಗಿದ ಕ್ರಿಯಾಪದ ಯೇ, ವೇ, ಗೀ ಮೂರೇ, ಉಳಿದ ಕೆಲಸ ಎಲ್ಲ ನಾಮಪದದ್ದು. ನಿಮ್ಮ ಭಾಷೆಯಲ್ಲಿ ಇದೇ ತುಂಡು ಬರೆದು, ಅನುವಾದ ಕೊಡದೆ, ನಿಘಂಟು ಮತ್ತು ಬದಲಾವಣೆಯ ಪಟ್ಟಿ ಎರಡನ್ನೇ ಗೆಳೆಯರ ಕೈಗೆ ಕೊಡಿ. ‘ದೊರಾವ್’ ಎಲ್ಲಿಂದ ಬಂತು ಅಂತ ಅವರು ಪಟ್ಟಿ ನೋಡಿ ತೊರಾವ್‌ವರೆಗೆ, ಅಲ್ಲಿಂದ ತೊರ್- ವರೆಗೆ ಹೋಗಿ ಮುಟ್ಟಿದ್ರೆ ವ್ಯಾಕರಣ ನಿಂತಿದೆ. ಎಲ್ಲಿ ಸಿಕ್ಕಿಬಿದ್ರು ಅಂತ ಗುರುತು ಹಾಕ್ಕೊಳ್ಳಿ, ಹೆಚ್ಚಾಗಿ ಅದು ಗ ಮಾಯ ಆದ ಜಾಗ ಆಗಿರ್ತದೆ, ಅಲ್ಲಿ ‘ಅವೆದ್ → ಗವೆದ್ ನೋಡಿ’ ಅಂತ ನಿಘಂಟಲ್ಲಿ ಒಂದು ಸಾಲು ಸೇರಿಸಿ.